ಏಳು ಸಲ ಜಾಲಿಸಿದ ಗಾಜು

ಆ ಸೋಮವಾರ ಬೆಳಿಗ್ಗೆ ನಮ್ಮವರು ಎಂದಿನಂತೆ ತಮ್ಮ ಗಾಜಿನ ಲೋಟ ತೊಳೆದು, ಏಳು ಸಲ ಜಾಲಿಸಿ ಬೋರಲು ಹಾಕಿದರು. ನೀರೇನು ನಿಮ್ಮಪ್ಪನ ಮನೇದಾ ಎಂದು ಬೈದೆ. ನಕ್ಕು ಕೆಲಸಕ್ಕೆ ಹೋದರು.

ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಗಾಜು ತೊಳೆದವರು ಅವರು. ಅಲ್ಲಿಯ ಮೇಷ್ಟ್ರು ಒಂದು ಅಣು ಕಟ್ಟುತ್ತಿದ್ದರು. ಬಟ್ಟಲಿನಂಥದ್ದಂತೆ. ನೀರಿನಲ್ಲಿ ಕರಗಿದ ಫಾಸ್ಫೇಟ್ ಎಂಬ ಉಪ್ಪನ್ನು ಗುರುತು ಹಿಡಿದು ಒಳಗೆ ಕೂರಿಸಿಕೊಂಡರೆ ಹಸಿರಾಗಿ ಹೊಳೆಯಬೇಕು. ಆದರೆ ನೀರು ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. "ತವರು ಬಿಟ್ಟು ಬರೋಲ್ಲ ಅಂತ ಹಟ ಮಾಡುತ್ತೆ ಕಣೇ, ನಿನ್ನ ಥರ" ಎನ್ನುತ್ತಿದ್ದರು ನಮ್ಮವರು. ಸೋಪಿನ ಪುಡಿಯಲ್ಲೂ ಫಾಸ್ಫೇಟ್ ಇರುತ್ತದೆ. ಅದು ಗಾಜಿನಲ್ಲಿ ಉಳಿದರೆ ಬರೀ ನೀರೂ ಹೊಳೆದೀತು, ಅದಕ್ಕೇ ಏಳು ಸಲ.

ಮೇಷ್ಟ್ರು ನಮ್ಮ ಮನೆಯಲ್ಲಿ ಉಂಡವರು. ನನ್ನನ್ನು ತಂಗಿ ಎಂದು ಕರೆದವರು.

ಆ ಸೋಮವಾರ ಹೊರಗಿನಿಂದ ದೊಡ್ಡವರು ಆ ಅಣುವನ್ನು ನೋಡಲು ಬಂದಿದ್ದರು. ಅಣು ಹಾಕಿದಾಗ, ಫಾಸ್ಫೇಟ್ ಇಲ್ಲದ ಬರೀ ನೀರಿನ ಸೀಸೆಯೂ ಹೊಳೆಯಿತು. ಮೇಷ್ಟ್ರು ಎಲ್ಲರೆದುರು ನಮ್ಮವರತ್ತ ಕೈ ತೋರಿಸಿ, ಇವನು ಸೋಪು ಉಳಿಸಿದ್ದಾನೆ ಎಂದರಂತೆ.

ಮನೆಗೆ ಬಂದವರು ಊಟ ಬಿಟ್ಟರು. ಕೂತು ಬೆರಳು ಮಡಚಿ ಎಣಿಸುತ್ತಿದ್ದರು. ಬುಧವಾರ ಕೇಳಿದರು, "ನಾನು ತಪ್ಪಿದ್ನೇನೇ?"

"ವಯಸ್ಸಾಯ್ತಲ್ಲ ರೀ. ತಪ್ಪಿರಬಹುದು."

ಮತ್ತೆ ಕೇಳಲಿಲ್ಲ. ಶುಕ್ರವಾರ ಬಚ್ಚಲಲ್ಲಿ ಕುಸಿದರು. ಎತ್ತುವಷ್ಟರಲ್ಲಿ ಉಸಿರು ಹೋಗಿತ್ತು.

ಮೇಷ್ಟ್ರು ಬಂದು ಹೂವಿಟ್ಟರು. ಒಳ್ಳೆಯ ಮನುಷ್ಯ ಎಂದು ಹೇಳಿ ಹೋದರು.

ತಿಂಗಳಾದ ಮೇಲೆ ಲ್ಯಾಬಿನಲ್ಲಿ ಯಂತ್ರ ನೋಡಿಕೊಳ್ಳುವ ಹೆಂಗಸು ಬಂದು ಹೇಳಿದಳು. ಆ ಸೋಮವಾರ ಸಂಜೆಯೇ ಹೊಸ ಪೆಟ್ಟಿಗೆ ಒಡೆದು, ನಮ್ಮವರು ಮುಟ್ಟದ ಸೀಸೆಗಳಲ್ಲಿ ಮತ್ತೆ ನೋಡಿದರಂತೆ. ಅವೂ ಹೊಳೆದವಂತೆ. ಆ ಅಣುಗಳು ನೀರಿನಲ್ಲಿ ಒಂದಕ್ಕೊಂದು ಅಂಟಿಕೊಂಡು, ಹಿಡಿಯಲು ಏನೂ ಸಿಗದಿದ್ದರೂ ಹೊಳೆಯುತ್ತಿದ್ದವು. ತಪ್ಪು ಗಾಜಿನದಲ್ಲ.

"ಮೇಷ್ಟ್ರಿಗೆ ಗೊತ್ತಿತ್ತಾ?"

"ಪಕ್ಕದಲ್ಲೇ ನಿಂತಿದ್ರು ಅಕ್ಕಾ. ಯಾರಿಗೂ ಹೇಳಬೇಡ ಅಂದ್ರು."

"ನೀನೂ ಹೇಳ್ಲಿಲ್ಲ."

ಅವಳು ಸೆರಗಿನ ಅಂಚು ತಿರುಚುತ್ತ ಕೂತಳು.

ಲ್ಯಾಬಿನಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ಶುಕ್ರವಾರದವರೆಗೆ ನಾಲ್ಕು ದಿನ ಇತ್ತು. ಹೋಗಿ ಮೇಷ್ಟ್ರನ್ನು ಕೇಳಿದೆ. ಈಗ ಹೇಳಿ ಏನು ಬಂತು ತಂಗಿ ಎಂದರು.

"ತಂಗಿ ಅನ್ನಬೇಡಿ" ಎಂದು ಎದ್ದು ಬಂದೆ.

ಬುಧವಾರ ನಾನಾಡಿದ ಮಾತು ಮಾತ್ರ ನನ್ನದೇ. ಅದನ್ನು ಮೇಷ್ಟ್ರ ತಲೆಗೆ ಕಟ್ಟಲಾರೆ.

ದಿನಾ ಬೆಳಿಗ್ಗೆ ಎದ್ದು ನಮ್ಮವರ ಲೋಟ ತೊಳೆಯುತ್ತೇನೆ. ಏಳು ಸಲ ಜಾಲಿಸುತ್ತೇನೆ. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ.