ಫೋನಿನಲ್ಲಿ ಓದಿದ ಪ್ರೋಗ್ರಾಂ

ಹಿಂದೂಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿದ್ದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾನು ಟೈಪಿಂಗ್ ಕೆಲಸ ಮಾಡುತ್ತಿದ್ದೆ. ಮದುವೆ ಪತ್ರಿಕೆ, ಹುಣಸೆ ಮಂಡಿಗಳ ಬಿಲ್ ಪುಸ್ತಕ, ಎಮ್ಮಾರ್ವೋ, ಅಂದರೆ ತಹಶೀಲ್ದಾರರ ಆಫೀಸಿಗೆ ಕೊಡುವ ಅರ್ಜಿ, ಎಲ್ಲವೂ ನನ್ನ ಕೈಯಿಂದಲೇ ಆಗುತ್ತಿದ್ದವು. ತೆಲುಗಿನಲ್ಲೂ ಹೊಡೆಯುತ್ತಿದ್ದೆ, ಕನ್ನಡದಲ್ಲೂ ಹೊಡೆಯುತ್ತಿದ್ದೆ. ವಯಸ್ಸು ಮೂವತ್ತು ದಾಟಿತ್ತು, ಮಗಳು ಶಾಲೆಗೆ ಹೋಗುತ್ತಿದ್ದಳು. ಮಂಡಿಯಿಂದ ಸರಕು ಸಾಗಿಸುವ ಟೆಂಪೊ ಓಡಿಸುತ್ತಿದ್ದ ನನ್ನ ಯಜಮಾನರು ಬೆಳಗಾಗುವ ಮುಂಚೆ ಹೊರಟು ಮಧ್ಯಾಹ್ನದ ಹೊತ್ತಿಗೆ ಮನೆಗೆ ಬರುತ್ತಿದ್ದರು. ಇಂಟರ್, ಅಂದರೆ ಪಿಯುಸಿ, ಮುಗಿಸಿದ ವರ್ಷವೇ ನನಗೆ ಮದುವೆಯಾಗಿತ್ತು. ಕಂಪ್ಯೂಟರ್ ಎಂದರೆ ಟಿವಿ ಜೋಡಿಸಿದ ಟೈಪ್‌ರೈಟರ್ ಎಂದೇ ನನ್ನ ಮಟ್ಟಿಗೆ ಆಗಿತ್ತು.

ಒಂದು ದಿನ ಕಾಲೇಜಿನ ಹುಡುಗಿಯೊಬ್ಬಳು ಇಂಟರ್ನೆಟ್ಟಿನಿಂದ ಒಂದು ಪ್ರಕಟಣೆಯನ್ನು ಪ್ರಿಂಟ್ ಹಾಕಿಸಿಕೊಳ್ಳಲು ಬಂದಳು. ಮೊದಲ ಹಾಳೆಯ ಇಂಕು ಹರಡಿಕೊಂಡಿತು. ಅವಳು ಎರಡನೆಯದನ್ನು ತೆಗೆದುಕೊಂಡು ಹೋದಳು, ಮೊದಲನೆಯದು ಮೇಜಿನ ಮೇಲೆಯೇ ಉಳಿಯಿತು. ಪ್ರೋಗ್ರಾಂ ಬರೆಯುವುದನ್ನು ಏನೂ ಗೊತ್ತಿಲ್ಲದವರಿಗೆ ಮೊದಲಿನಿಂದ ಕಲಿಸುತ್ತಾರೆ, ಫೀಸು ಇಲ್ಲ, ಪಾಠ ಇಂಟರ್ನೆಟ್ಟಿನಲ್ಲೇ ಬರುತ್ತದೆ, ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರನ್ನು ಕೊಡುತ್ತಾರೆ ಎಂದು ಅದರಲ್ಲಿತ್ತು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ ಆದ್ದರಿಂದ ಮೂರು ಸಲ ಓದಿ ಅರ್ಥ ಮಾಡಿಕೊಂಡೆ. 'ಏನೂ ಗೊತ್ತಿಲ್ಲದವರಿಗೆ' ಎಂಬ ಮಾತಿನ ಮೇಲೆ ನನ್ನ ಕಣ್ಣು ನಿಂತಿತು. ಯಾರೂ ಯಾವತ್ತೂ ನನ್ನನ್ನು ಹಾಗೆ ನೇರವಾಗಿ ಕರೆದಿರಲಿಲ್ಲ.

ಸೇರಬೇಕಾದರೆ ಒಂದು ಸಣ್ಣ ಪರೀಕ್ಷೆ ಇತ್ತು. ನಿಮ್ಮ ಊರಿನ ಬಸ್ ಸ್ಟ್ಯಾಂಡಿನಿಂದ ನಿಮ್ಮ ಮನೆಗೆ ಬರುವ ದಾರಿಯನ್ನು ಬರೆಯಿರಿ. ಬರುವವನಿಗೆ ಊರು ಹೊಸದು, ಯಾರನ್ನೂ ಏನೂ ಕೇಳುವ ಹಾಗಿಲ್ಲ. ಸುಲಭ ಅಂದುಕೊಂಡು ಕೂತೆ. ಹುಣಸೆ ಮಾರ್ಕೆಟ್ಟಿನ ಹತ್ತಿರ ಎಡಕ್ಕೆ ತಿರುಗಿ ಎಂದು ಬರೆದೆ. ಆದರೆ ಅದು ಮಾರ್ಕೆಟ್ಟು ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಅಳಿಸಿ ಮತ್ತೆ ಬರೆದೆ. ಸಂಜೆ ಮನೆಗೆ ಹೋಗುವಾಗ ನನ್ನ ದಾರಿಯಲ್ಲೇ ನಾನು ಊರಿಗೆ ಹೊಸಬಳ ಹಾಗೆ ನೋಡುತ್ತ ನಡೆದೆ. ಮಾರನೆಯ ದಿನ ಮುಗಿಸಿ ಕಳಿಸಿದೆ. ವಾರದೊಳಗೆ ಸೇರಿಸಿಕೊಂಡಿದ್ದೇವೆ ಎಂದು ಮೇಲ್ ಬಂತು.

ಅಂಗಡಿಯ ಮಾಲೀಕರು ಊಟದ ಹೊತ್ತಿನಲ್ಲಿ ಇಂಟರ್ನೆಟ್ ಬಳಸಿಕೊ ಎಂದರು. ಮನೆಯಲ್ಲಿ ಅತ್ತೆಗೆ ಸಮಾಧಾನವಿರಲಿಲ್ಲ. ಉಳಿದ ಕೆಲಸ ಮುಗಿಸಿಕೊಂಡು ನಾನು ಮನೆ ಸೇರುವುದು ತಡವಾದರೆ ಮಗುವನ್ನು ಶಾಲೆಯಿಂದ ಕರೆದುಕೊಂಡು ಬರುವವರು ಯಾರು ಎಂಬುದು ಅವರ ಪ್ರಶ್ನೆ. ಯಜಮಾನರು ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ಅವಳು ಕಲ್ತ್ಕೊಳ್ಳಲಿ ಬಿಡಮ್ಮ. ಮಗೂನ ನಾನೇ ಕರ್ಕೊಂಡ್ ಬತ್ತೀನಿ."

ನನಗೆ ಸಿಕ್ಕ ಮಾರ್ಗದರ್ಶಕಿ ಹುಬ್ಬಳ್ಳಿಯ ಕಡೆಯವರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅದು ನನಗೆ ಮೊದಲು ಗೊತ್ತಿರಲಿಲ್ಲ. ಅವರ ಮೊದಲ ಮೇಲ್ ಉದ್ದನೆಯ ಇಂಗ್ಲಿಷಿನಲ್ಲಿತ್ತು. ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ತಪ್ಪುತಪ್ಪು ಇಂಗ್ಲಿಷಿನಲ್ಲೇ ಉತ್ತರ ಬರೆದು, ಮನೆಯಲ್ಲಿ ಕನ್ನಡ, ಹೊರಗೆ ತೆಲುಗು ಎಂದು ಸೇರಿಸಿದೆ. ಮಾರನೆಯ ದಿನ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಬಂತು. ಮೇಡಂ ಅನ್ನಬೇಡ, ಅಕ್ಕ ಅನ್ನು ಎಂದು ಬರೆದಿದ್ದರು. ಅಲ್ಲಿಂದ ಮುಂದೆ ನಾನು ನನ್ನ ಕನ್ನಡದಲ್ಲಿ ಕೇಳುತ್ತಿದ್ದೆ, ಅವರು ಅವರ ಕನ್ನಡದಲ್ಲಿ ಹೇಳುತ್ತಿದ್ದರು.

ಮೊದಲ ಪಾಠಗಳು ಹೇಗೋ ತಲೆಗೆ ಹತ್ತಿದವು. ಒಂದೇ ಕೆಲಸವನ್ನು ಯಂತ್ರದಿಂದ ಮತ್ತೆ ಮತ್ತೆ ಮಾಡಿಸುವ ಲೂಪ್ ಎಂಬ ಪಾಠದಲ್ಲಿ ಸಿಕ್ಕಿಹಾಕಿಕೊಂಡೆ. ನಾನು ಬರೆದದ್ದು ಒಂದೋ ಓಡುತ್ತಲೇ ಇರಲಿಲ್ಲ, ಇಲ್ಲವೇ ನಿಲ್ಲುತ್ತಲೇ ಇರಲಿಲ್ಲ. ಸ್ಕ್ರೀನಿನ ತುಂಬ ಒಂದೇ ಸಾಲು ಹರಿಯುತ್ತ ಹೋದಾಗ ಮಾಲೀಕರು ಓಡಿಬಂದು ಸ್ವಿಚ್ ಆರಿಸಿದರು. ಅಕ್ಕ ನನ್ನ ಕೆಲಸ ಏನೆಂದು ಕೇಳಿದರು. ಮದುವೆ ಪತ್ರಿಕೆ ಎಂದೆ. ಕಾರ್ಡು ಒಂದೇ, ಕವರಿನ ಮೇಲಿನ ಹೆಸರು ಮಾತ್ರ ಬೇರೆ ಬೇರೆ, ಹೆಸರುಗಳು ಮುಗಿದ ಮೇಲೆ ನೀನು ಏನು ಮಾಡುತ್ತೀಯ ಎಂದು ಕೇಳಿದರು. ಕೈ ನಿಲ್ಲಿಸುತ್ತೇನೆ ಎಂದು ಬರೆಯುವಾಗಲೇ, ಲೂಪಿಗೂ ಎಲ್ಲಿ ನಿಲ್ಲಬೇಕೆಂದು ಹೇಳಬೇಕು ಎಂದು ನನಗೆ ತಿಳಿಯಿತು. ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯಲೇ ಇಲ್ಲ.

ಕೋರ್ಸಿನ ಅರ್ಧ ದಾಟಿದಾಗ ತವರಿನಿಂದ ಫೋನ್ ಬಂತು. ಬ್ರಹ್ಮಸಮುದ್ರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಮ್ಮ ಬೋರ್‌ವೆಲ್ಲಿನ ಬಳಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಆಸ್ಪತ್ರೆ ಹತ್ತಿರವಿರಲೆಂದು ಅವಳನ್ನು ಕಲ್ಯಾಣದುರ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇರಿಸಿದ್ದರು. ಮಗಳನ್ನು ಅತ್ತೆಯ ಬಳಿ ಬಿಟ್ಟು ನಾನು ಹೊರಟೆ. ಹೊರಡುವಾಗ ಅತ್ತೆಯೇ ಒಂದು ಡಬ್ಬದ ತುಂಬ ಹುರಿಹಿಟ್ಟು ಕಟ್ಟಿಕೊಟ್ಟು, ಮಗುವಿನ ಚಿಂತೆ ಮಾಡಬೇಡ ಎಂದರು.

ವಿಷಯ ಕೇಳಿ ಅಕ್ಕ, ಮುಂದಿನ ಬ್ಯಾಚಿಗೆ ಬಂದರೂ ಆಯಿತು, ನಿನ್ನ ಜಾಗ ಎಲ್ಲಿಗೂ ಹೋಗುವುದಿಲ್ಲ ಎಂದು ಬರೆದರು. ಅದನ್ನು ಕಲ್ಯಾಣದುರ್ಗದ ಒಂದು ನೆಟ್ ಸೆಂಟರಿನಲ್ಲಿ ಓದಿದೆ. ಬಿಟ್ಟರೆ ಮತ್ತೆ ಹಿಡಿಯುವುದಿಲ್ಲ ಎಂದು ನನಗೆ ನನ್ನ ಬಗ್ಗೆ ಗೊತ್ತಿತ್ತು. ಇಂಟರ್ ಆದ ಮೇಲೆ ಡಿಗ್ರಿಯನ್ನೂ ಮದುವೆ ಕಳೆಯಲಿ, ಮಗು ದೊಡ್ಡದಾಗಲಿ ಎಂದುಕೊಂಡೇ ಬಿಟ್ಟಿದ್ದೆ. ಇದೇ ಬ್ಯಾಚಿನಲ್ಲಿ ಮುಗಿಸುತ್ತೇನೆ ಅಕ್ಕ ಎಂದು ಒಂದೇ ಸಾಲು ಬರೆದು ಎದ್ದೆ.

ಅಮ್ಮನಿಗೆ ಮೈ ಒರೆಸಿ, ಊಟ ಮಾಡಿಸಿ, ಅವಳು ಮಲಗಿದ ಮೇಲೆ ಪ್ರೋಗ್ರಾಂಗಳನ್ನು ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ ಬರೆಯುತ್ತಿದ್ದೆ. ಕಂಪ್ಯೂಟರ್ ಇಲ್ಲದ್ದರಿಂದ ನಾನೇ ಕಂಪ್ಯೂಟರ್ ಆಗಿ ಸಾಲಿನಿಂದ ಸಾಲಿಗೆ ಬೆರಳಿಟ್ಟು ಓಡಿಸುತ್ತಿದ್ದೆ. ಅಮ್ಮ ಒಮ್ಮೆ ಎಚ್ಚರವಾಗಿ ನೋಡಿ, ಏನು ಲೆಕ್ಕ ಮಾಡ್ತಿದ್ದೀಯ ಎಂದು ಕೇಳಿದಳು. ಕಲಿಯುತ್ತಿದ್ದೇನೆ ಎಂದೆ. ಅವಳು ದೀಪದ ಬೆಳಕು ಕಾಗದದ ಮೇಲೆ ಬೀಳುವ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದು ಮಲಗಿದಳು.

ಕೊನೆಯ ಕೆಲಸವಾಗಿ ನಮ್ಮ ಸುತ್ತಲಿನವರಿಗೆ ಬೇಕಾಗುವ ಒಂದು ಪ್ರೋಗ್ರಾಂ ಮಾಡಬೇಕಿತ್ತು. ಅಮ್ಮನನ್ನು ನೋಡಲು ಹಳ್ಳಿಯಿಂದ ದಿನವೂ ಯಾರಾದರೂ ಬರುತ್ತಿದ್ದರು. ಕೂತ ಐದು ನಿಮಿಷಕ್ಕೇ ಬ್ರಹ್ಮಸಮುದ್ರಕ್ಕೆ ಬಸ್ಸು ಯಾವಾಗ ಎಂಬ ಮಾತು ಏಳುತ್ತಿತ್ತು, ಒಬ್ಬೊಬ್ಬರು ಒಂದೊಂದು ಹೊತ್ತು ಹೇಳುತ್ತಿದ್ದರು. ಈಗಿನ ಹೊತ್ತು ಕೊಟ್ಟರೆ ಮುಂದಿನ ಬಸ್ಸು ಯಾವುದೆಂದು ಹೇಳುವ ಪ್ರೋಗ್ರಾಂ ಮಾಡುತ್ತೇನೆ ಎಂದು ನಿರ್ಧರಿಸಿದೆ. ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂತವರು ಎಲ್ಲ ಟೈಮು ಒಟ್ಟಿಗೆ ಯಾಕೆ ಬೇಕು, ನೀನು ಹೋಗುವುದು ಒಂದೇ ಬಸ್ಸಿನಲ್ಲಲ್ಲವೇ ಎಂದು ತೆಲುಗಿನಲ್ಲಿ ಗದರಿದರು. ಮಾರನೆಯ ದಿನವೂ ಹೋದೆ, ಅದರ ಮಾರನೆಯ ದಿನವೂ ಹೋಗಿ ನಿಂತೆ. ಬೇಸತ್ತು ಎಲ್ಲವನ್ನೂ ಹೇಳಿದರು.

ಕೆಲಸ ಒಪ್ಪಿಸುವ ಕೊನೆಯ ದಿನ ಭಾನುವಾರ. ಬೆಳಗ್ಗೆ ನೆಟ್ ಸೆಂಟರಿನಲ್ಲಿ ಪ್ರೋಗ್ರಾಂ ಟೈಪು ಮಾಡಿ ಅಕ್ಕನಿಗೆ ಕಳಿಸಬೇಕು, ಅವರು ಓಡಿಸಿ ನೋಡಿ ಮಧ್ಯಾಹ್ನದೊಳಗೆ ಕೋರ್ಸಿನವರಿಗೆ ಮಾರ್ಕು ಕಳಿಸಬೇಕು. ನಾನು ಹೋದಾಗ ನೆಟ್ ಸೆಂಟರಿನವನು ಬಾಗಿಲಲ್ಲಿ ನಿಂತು ಬೀಸಣಿಗೆ ಆಡಿಸುತ್ತಿದ್ದ. ಲೈನು ರಿಪೇರಿ, ಕರೆಂಟು ಸಂಜೆಗೇ ಬರುವುದು ಎಂದ.

ಸ್ವಲ್ಪ ಹೊತ್ತು ಆ ಮೆಟ್ಟಿಲ ಮೇಲೆಯೇ ಕೂತೆ. ಎದುರಿಗೆ ಎಸ್‌ಟಿಡಿ ಬೂತ್ ಇತ್ತು. ಅಕ್ಕನ ಫೋನ್ ನಂಬರ್ ನನ್ನ ಹತ್ತಿರವಿದ್ದರೂ ಒಮ್ಮೆಯೂ ಮಾತಾಡಿರಲಿಲ್ಲ. ಎದ್ದು ಹೋಗಿ ನಂಬರ್ ಒತ್ತಿದೆ.

"ಅಕ್ಕಾ, ಇಲ್ಲಿ ಕರೆಂಟಿಲ್ಲ," ಎಂದೆ. "ನಾನು ಓದ್ತೀನಿ, ನೀವು ಅಲ್ಲಿ ಹೊಡ್ಕೊಳ್ತೀರಾ?"

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು. "ಓದವಾ," ಎಂದರು. "ಸಾವಕಾಶ ಓದು."

ಕ್ಯಾಲೆಂಡರ್ ಹಾಳೆ ಬಿಚ್ಚಿ ಓದಲು ಶುರು ಮಾಡಿದೆ. ಒಂದೊಂದು ಅಕ್ಷರ, ಆವರಣ, ಅಲ್ಪವಿರಾಮ, ಎರಡು ಚುಕ್ಕಿ, ಕೆಳಗಿನ ಸಾಲು. ಬೂತಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಹೊರಗೆ ಕಾಯುತ್ತಿದ್ದವರು ಮಾತು ನಿಲ್ಲಿಸಿ ಕೇಳತೊಡಗಿದರು. ಒಬ್ಬ ಅಜ್ಜಿ ಒಳಗೆ ತಲೆ ಹಾಕಿ, "ಏಮಿ ಚದುವುತಾಂಡಾವಮ್ಮಾ?" ಎಂದು ಮೆಲ್ಲಗೆ ಕೇಳಿದಳು. ಏನು ಓದುತ್ತಿದ್ದೀಯ ಎಂಬ ಅವಳ ಪ್ರಶ್ನೆಗೆ ಕೈಯಲ್ಲೇ ಸ್ವಲ್ಪ ತಡೆಯಿರಿ ಎಂದೆ. ಅಜ್ಜಿ ಹಿಂದೆ ನಿಂತವರಿಗೆಲ್ಲ ಸುಮ್ಮನಿರಿ ಎಂದು ಸನ್ನೆ ಮಾಡಿದಳು.

ಓದಿ ಮುಗಿಸಿದೆ. ಅಕ್ಕ ಓಡಿಸಿದರು, ತಪ್ಪು ಬಂತು. ಎಲ್ಲಿ ಎಂದು ಕೇಳಿದೆ, ಸಾಲು ಹೇಳಿದರು. ನಾವು ಪ್ರೋಗ್ರಾಂ ಬರೆಯುತ್ತಿದ್ದ ಆ ಭಾಷೆಯಲ್ಲಿ ಸಾಲಿನ ಮುಂದೆ ಬಿಡುವ ಖಾಲಿ ಜಾಗಕ್ಕೂ ಅರ್ಥವಿತ್ತು. ನಾನು ಅಕ್ಷರಗಳನ್ನು ಮಾತ್ರ ಓದಿ, ಜಾಗವನ್ನು ಓದಿರಲಿಲ್ಲ. ಹೇಳಿದೆ, ತಿದ್ದಿಕೊಂಡರು. ಬೆಳಗ್ಗೆ ಎಂಟು ಗಂಟೆ ಎಂದು ಕೊಟ್ಟರು, ಸರಿಯಾದ ಬಸ್ಸು ಬಂತು. ಮಧ್ಯಾಹ್ನದ್ದೂ ಸರಿಯಾಯಿತು.

"ರಾತ್ರಿ ಹತ್ತು ಅಂತ ಕೊಟ್ಟೆ," ಎಂದರು. "ಏನೂ ಹೇಳವಲ್ದು. ಸುಮ್ಮನ ಕುಂತೈತಿ."

ಕೊನೆಯ ಬಸ್ಸು ಹೋದ ಮೇಲೆ ಏನು ಮಾಡಬೇಕೆಂದು ನಾನು ಯಂತ್ರಕ್ಕೆ ಹೇಳಿಯೇ ಇರಲಿಲ್ಲ. ಹೇಳಿಕೊಡಲೇನು ಎಂದು ಅಕ್ಕ ಕೇಳಿದರು. ಬೇಡ, ಲೈನಿನಲ್ಲೇ ಇರಿ ಎಂದೆ. ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಮೊದಲ ಸಾಲಿನಿಂದ ಬೆರಳು ಇಡುತ್ತ ಬಂದೆ. ಬಸ್ಸುಗಳೆಲ್ಲ ಮುಗಿದರೂ ಉತ್ತರ ಸಿಗದಿದ್ದರೆ ನಾಳೆಯ ಮೊದಲ ಬಸ್ಸನ್ನು ಹೇಳಬೇಕು. ಅದಕ್ಕೆ ಎರಡು ಸಾಲು ಸಾಕು, ಆದರೆ ಅವು ಲೂಪಿನ ಹೊರಗೆ ಬರಬೇಕು. ಆ ಎರಡು ಸಾಲನ್ನು ಓದಿದೆ, ಈ ಸಲ ಖಾಲಿ ಜಾಗವನ್ನೂ ಸೇರಿಸಿ. ಕೀಲಿಗಳ ಸದ್ದು ಕೇಳಿಸಿತು. ಆಮೇಲೆ ಅಕ್ಕ ನಕ್ಕರು.

"ನಾಳೆ ಮುಂಜಾನೆ ಮೊದಲನೇ ಬಸ್ಸು ಅನ್ನಾಕತ್ತೈತಿ. ಪಾಸಾದಿ ನೀ."

ಹೊರಗೆ ಬಂದಾಗ ಆ ಅಜ್ಜಿ ಕೆಲಸ ಆಯಿತಾ ಎಂದು ಕೇಳಿದಳು. ಆಯಿತು ಎಂದೆ. ಮನೆಗೆ ಬಂದು ಹೇಳಿದಾಗ ಅಮ್ಮ, "ಬಿಡ್ದಂಗೆ ಮುಗಿಸ್ಬುಟ್ಟೆ ಕಣಮ್ಮ," ಎಂದಳು. ನನ್ನ ಕೈ ಹಿಡಿದುಕೊಂಡು ಸುಮಾರು ಹೊತ್ತು ಬಿಡಲಿಲ್ಲ.

ಆ ಪ್ರೋಗ್ರಾಂ ಹೆಚ್ಚು ದಿನ ಬಾಳಲಿಲ್ಲ. ನೆಟ್ ಸೆಂಟರಿನವನು ತನ್ನ ಒಂದು ಮಿಷನ್ನಿನಲ್ಲಿ ಹಾಕಿಸಿಕೊಂಡು, ಅಂಗಡಿಗೆ ಬಂದವರಿಗೆ ಬಸ್ಸಿನ ಟೈಮು ಹೇಳುತ್ತಿದ್ದ. ಬೇಸಿಗೆಯಲ್ಲಿ ಡಿಪೋದವರು ಟೈಮುಗಳನ್ನೆಲ್ಲ ಬದಲಿಸಿದರು, ಅವನು ಅದನ್ನು ತೆಗೆದುಹಾಕಿದ. ಅಷ್ಟರಲ್ಲಿ ಅಮ್ಮ ಕೋಲು ಹಿಡಿದು ನಡೆಯುತ್ತಿದ್ದಳು, ನಾನು ಹಿಂದೂಪುರಕ್ಕೆ ವಾಪಸು ಬಂದಿದ್ದೆ. ಅದೇ ವರ್ಷ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಪಾಠಕ್ಕೆ ಜನ ಬೇಕೆಂದು ತಿಳಿದು ಹೋದೆ. ಡಿಗ್ರಿ ಇಲ್ಲ ಎಂದು ಮೊದಲು ಬೇಡವೆಂದರು. ಒಂದು ತಿಂಗಳು ಪಾಠ ಮಾಡುತ್ತೇನೆ, ಮಕ್ಕಳಿಗೆ ಬರದಿದ್ದರೆ ನಾನೇ ಬಿಡುತ್ತೇನೆ ಎಂದೆ. ತಿಂಗಳಾದ ಮೇಲೆ ಯಾರೂ ಡಿಗ್ರಿಯ ಮಾತು ಎತ್ತಲಿಲ್ಲ.

ಅಕ್ಕನನ್ನು ನಾನು ಇವತ್ತಿಗೂ ಮುಖತಃ ನೋಡಿಲ್ಲ. ಶಾಲೆ ಸೇರಿದ ಸುದ್ದಿ ಬರೆದಾಗ, ಮುಂದಿನ ಹಂತದ ಕೋರ್ಸು ಇದೆ, ಆದರೆ ಅದರಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲ, ಎಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ ಎಂದು ತಿಳಿಸಿದರು. ಎರಡು ದಿನ ಯೋಚಿಸಿದೆ. ಆಮೇಲೆ ಮಗಳ ಇಂಗ್ಲಿಷ್ ಡಿಕ್ಷನರಿಯನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ, ಹಳೆಯ ಮಾಲೀಕರನ್ನು ಕೇಳಿ ಅದೇ ಮಿಷನ್ನಿನ ಮುಂದೆ ಕೂತು ಆ ಕೋರ್ಸಿಗೆ ಸೇರಿಕೊಂಡೆ.