ಬೇವಿನ ಕಷಾಯ ಮತ್ತು ಬೆವರಿದ ಕೆನ್ನೆ

ಊರಿನ ಬೀಜದ ಗೋದಾಮನ್ನು ಇಪ್ಪತ್ತೆರಡು ವರ್ಷದಿಂದ ಕಾಯುತ್ತಿದ್ದವನು ಊರಿಗೇ ದೊಡ್ಡ ಪುಕ್ಕಲ. ಹೆತ್ತವರು ಇಟ್ಟ ಹೆಸರು ರಿಜಿಸ್ಟರಿನಲ್ಲಿತ್ತು. ಜನರ ಬಾಯಲ್ಲಿದ್ದದ್ದು ಪುಕ್ಕಣ್ಣ. ಹಲ್ಲಿ ಕಂಡರೆ ಹೆದರಿಕೆ, ರೈತರ ಸಹಕಾರ ಸಂಘದ ಅಧ್ಯಕ್ಷರನ್ನು ಕಂಡರೆ ಹೆದರಿಕೆ, ಎರಡೂ ಕಾಣದಿದ್ದರೆ ಎಲ್ಲಿ ಅಡಗಿವೆಯೋ ಎಂಬ ಹೆದರಿಕೆ.

ಆದರೆ ಈ ಪುಕ್ಕಲುತನದಿಂದ ಊರಿಗೆ ಒಂದು ಉಪಕಾರವೂ ಆಗಿತ್ತು. ನುಸಿ ಕೊಲ್ಲಲೆಂದು ಸಂಘದವರು ಕೊಟ್ಟ ಮಾತ್ರೆ ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರವಿತ್ತು. ಅದನ್ನು ಕಂಡ ದಿನ ಪುಕ್ಕಣ್ಣ ಊಟವನ್ನೇ ಬಿಟ್ಟ. ಆಗ ಅವನ ಮನೆಯಲ್ಲೇ ಇದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ತಮ್ಮ ಕಾಲದ ವಿದ್ಯೆಯನ್ನು ಹೇಳಿಕೊಟ್ಟರು. ಬೇವಿನ ಬೀಜ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ದಿನ ನೀರಲ್ಲಿ ನೆನೆಸಿ ಹಿಂಡಬೇಕು. ಹಾಲಿನಂತೆ ಬೆಳ್ಳಗಾದ ಆ ಕಷಾಯದಲ್ಲಿ ಖಾಲಿ ಗೋಣಿಚೀಲಗಳನ್ನು ಅದ್ದಿ, ನೆರಳಲ್ಲಿ ಒಣಗಿಸಿ, ಆಮೇಲೆ ಕಾಳು ತುಂಬಬೇಕು. ಚೀಲದ ಬಾಯಿಗೆ ಒಂದು ಹಿಡಿ ಬಜೆ ಬೇರಿನ ಪುಡಿ. ಆ ಕಹಿಗೂ ಘಾಟಿಗೂ ನುಸಿ ಹತ್ತಿರ ಸುಳಿಯುತ್ತಿರಲಿಲ್ಲ. ಆ ವಾರವೆಲ್ಲ ಹೆಂಡತಿಯೂ ಸುಳಿಯುತ್ತಿರಲಿಲ್ಲ.

"ಚೀಲ ಪೂರ್ತಿ ಒಣಗಿರಬೇಕು ಅಳಿಯಂದಿರೇ," ಎಂದು ಅತ್ತೆ ವರ್ಷವೂ ಎಚ್ಚರಿಸುತ್ತಿದ್ದರು. "ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನಿಸಿದ್ರೆ ಒಳಗೆ ಪಸೆ ಇದೆ ಅಂತ. ಕೈ ಸುಳ್ಳು ಹೇಳುತ್ತೆ, ಕೆನ್ನೆ ಹೇಳಲ್ಲ."

ಈ ವರ್ಷ ಬಿತ್ತನೆಯ ಜೋಳ ಇಪ್ಪತ್ತು ಚೀಲದಷ್ಟಿತ್ತು. ಊರಿನ ಅಷ್ಟೂ ಹೊಲಗಳಿಗೆ ಇರುವ ಬೀಜ ಅದೊಂದೇ. ಚೀಲ ಅದ್ದಿ ಎರಡು ದಿನವಾಗಿತ್ತು, ಎರಡೂ ದಿನ ಮೋಡ. ಮೂರನೆಯ ದಿನ ಬೆಳಿಗ್ಗೆ ಅಧ್ಯಕ್ಷರ ಫೋನು ಬಂತು.

"ಸಾಯಂಕಾಲ ಕೃಷಿ ಇಲಾಖೆ ಸಾಹೇಬರು ಗೋದಾಮು ನೋಡೋಕೆ ಬರ್ತಾರೆ. ಬೀಜ ನೆಲದ ಮೇಲೆ ಬಿದ್ದಿದ್ರೆ ನಿನ್ನನ್ನೂ ಅದರ ಪಕ್ಕದಲ್ಲೇ ಹರಡ್ತೀನಿ!"

ಪುಕ್ಕಣ್ಣ ಒಂದೊಂದೇ ಚೀಲವನ್ನು ಕೆನ್ನೆಗೆ ಒತ್ತಿ ನೋಡಿದ. ಕೆಲವು ತಣ್ಣಗಿದ್ದವು. ಆದರೆ ಫೋನು ಬಂದಾಗಿನಿಂದ ಅವನ ಕೆನ್ನೆಯ ಮೇಲೆ ಬೆವರು ಧಾರಾಕಾರ. 'ಇದು ಚೀಲದ ಪಸೆಯಲ್ಲ, ನನ್ನ ಬೆವರು' ಎಂದು ಅವನೇ ತೀರ್ಪು ಕೊಟ್ಟುಕೊಂಡ. ಹೆದರಿದವನ ಬುದ್ಧಿಗಿಂತ ಜಾಣ ವಕೀಲ ಇನ್ನೊಬ್ಬನಿಲ್ಲ. ಇಪ್ಪತ್ತು ಚೀಲಕ್ಕೂ ಕಾಳು ತುಂಬಿಸಿದ; ನಾಲ್ಕು ಗಂಟೆಗೆ ಒಂದರ ಮೇಲೊಂದು ಪೇರಿಸಿದ ಚೀಲಗಳ ಅಟ್ಟಿ ಎದ್ದು ನಿಂತಿತು. ಸಾಹೇಬರು ಬಾಗಿಲಲ್ಲೇ ನಿಂತು, ಬಜೆಯ ಘಾಟಿಗೆ ನಾಲ್ಕು ಸಲ ಸೀನಿ, ಹೊರಟುಹೋದರು.

ಹನ್ನೊಂದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಪುಕ್ಕಣ್ಣ ಅಟ್ಟಿಯ ಸಂದಿಯೊಳಗೆ ಕೈ ತೂರಿಸಿದ. ಒಳಗೆ ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿ. ಕೈ ಹೊರಗೆಳೆದು ಮೂಸಿದರೆ ಹುಳಿ ವಾಸನೆ. ಪಸೆಗೆ ಕಾಳು ಕಾವೇರಿತ್ತು; ಕಾವೇರಿದ ಕಾಳು ಮೊಳೆಯುವುದಿಲ್ಲ. ಬೀಜ ಹಂಚುವುದಕ್ಕೆ ಐದೇ ದಿನ ಉಳಿದಿತ್ತು. ಪುಕ್ಕಣ್ಣ ಗೋದಾಮಿಗೆ ಬೀಗವನ್ನೂ ಹಾಕದೆ ಓಡಿದ. ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ.

"ಅತ್ತೆ, ಬೀಜ ಸುಡ್ತಿದೆ."

ಅತ್ತೆ ಬೈಯಲಿಲ್ಲ. ಅದರಿಂದ ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

"ಈಗಲೇ ಎಲ್ಲ ಚೀಲ ಬಿಚ್ಚಿಸಿ. ಬೇರೆಬೇರೆ ರಾಶಿ ಹರಡಿ, ಗಾಳಿ ಆಡಲಿ."

"ಎಲ್ಲರೂ ನೋಡ್ತಾರೆ ಅತ್ತೆ!"

"ಕಣ್ಣಿರೋರು ನೋಡ್ತಾರೆ. ಮುಚ್ಚಿಟ್ರೆ ಉಳಿದದ್ದೂ ಹೋಗುತ್ತೆ."

ಗೋದಾಮಿನ ಅಂಗಳದಲ್ಲಿ ಇಪ್ಪತ್ತು ರಾಶಿ ಬಿತ್ತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. "ನೋಡ್ರಪ್ಪ, ಹಂಚೋ ಮುಂಚೆ ಗಾಳಿಗೆ ಹಾಕಿದ್ದಾನೆ! ಇಂಥ ಹುಷಾರು ಯಾರಿಗಿದೆ?" ಎಂದು ಒಬ್ಬ ರೈತ ಹೊಗಳಿದ. ಪುಕ್ಕಣ್ಣ ನಗಲು ಹೋದ. ತುಟಿ ಮಾತ್ರ ಅಲ್ಲಾಡಿತು. ಬೈಗುಳವಾದರೆ ಅವನಿಗೆ ಅಭ್ಯಾಸವಿತ್ತು. ಈ ಹೊಗಳಿಕೆ ಬೆನ್ನಿನ ಮೇಲೆ ಹಲ್ಲಿ ಬಿದ್ದಂತಾಯಿತು.

ಯಾವ ರಾಶಿ ಮೊಳೆಯುತ್ತದೆ ಎಂದು ನೋಡಲು ಅತ್ತೆ ಒಂದೊಂದರಿಂದಲೂ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸಾಲಾಗಿಟ್ಟು ಸುತ್ತಿದರು. ಇಪ್ಪತ್ತು ಬಟ್ಟೆ ಎಲ್ಲಿಂದ ಬರಬೇಕು? ದಿಂಬಿನ ಗವಸು ಹೋಯಿತು, ಟವೆಲು ಹೋಯಿತು.

"ರೀ, ಇನ್ನು ಉಳಿದಿರೋದು ನೀವು ಉಟ್ಟಿರೋ ಪಂಚೆ," ಎಂದಳು ಹೆಂಡತಿ.

ನಾಲ್ಕು ದಿನ ಕಾಯಬೇಕಿತ್ತು. ಪುಕ್ಕಣ್ಣ ಆ ನಾಲ್ಕು ದಿನವೂ ಗಂಟೆಗೊಮ್ಮೆ ಬಟ್ಟೆ ಬಿಚ್ಚಲು ಹೋಗಿ ಅತ್ತೆಯಿಂದ ಕೈಗೆ ಏಟು ತಿಂದ. ಕಣ್ಣು ಮುಚ್ಚಿದರೆ ಬರಿ ಮಣ್ಣಿನ ಹೊಲ, ಅದರ ಬದುವಿನಲ್ಲಿ ಸಾಲಾಗಿ ನಿಂತು ಅವನನ್ನೇ ನೋಡುತ್ತಿರುವ ಜನ.

ಐದನೆಯ ದಿನ ಬೆಳಿಗ್ಗೆ ಬಟ್ಟೆ ಬಿಚ್ಚಿದರು. ಹದಿನಾಲ್ಕರಲ್ಲಿ ತೊಂಬತ್ತಕ್ಕೆ ಕಡಿಮೆಯಿಲ್ಲದೆ ಬಿಳಿ ಮೊಳಕೆ. ಉಳಿದ ಆರರಲ್ಲಿ ಒಂದರಲ್ಲಿ ಹನ್ನೆರಡು, ಒಂದರಲ್ಲಿ ಮೂರು, ನಾಲ್ಕರಲ್ಲಿ ಏನೂ ಇಲ್ಲ. ಆ ಆರು ರಾಶಿಯಲ್ಲೂ ಹುಡುಕಿದರೆ ಒಂದು ನುಸಿಯೂ ಇರಲಿಲ್ಲ. ಬೇವು ತನ್ನ ಕೆಲಸ ಮಾಡಿತ್ತು; ಕೆಟ್ಟದ್ದು ಒಂದು ಕೆನ್ನೆ.

ಹೊರಗೆ ಆಗಲೇ ಜನ ಸಾಲು ನಿಂತಿದ್ದರು. ಪುಕ್ಕಣ್ಣನ ತಲೆಯೊಳಗಿನ ವಕೀಲ ಮತ್ತೆ ಎದ್ದ. 'ಆರನ್ನು ಹದಿನಾಲ್ಕರಲ್ಲಿ ಕಲಸಿಬಿಡು. ಅಲ್ಲಲ್ಲಿ ಮೊಳೆಯದಿದ್ದರೆ ಜನ ಮಳೆಯನ್ನು ಬೈತಾರೆ, ಹಕ್ಕಿಯನ್ನು ಬೈತಾರೆ.' ಮಾತು ಸರಿಯಾಗಿಯೇ ಇತ್ತು. ಆದರೆ ಇನ್ನು ಆರು ತಿಂಗಳು ಪ್ರತಿ ಹೊಲದ ಪಕ್ಕ ನಡೆಯುವಾಗಲೂ ಈ ನಾಲ್ಕು ದಿನದ ಹೆದರಿಕೆಯನ್ನೇ ಹೊರಬೇಕಲ್ಲ! ಅಷ್ಟು ಹೆದರುವ ಶಕ್ತಿ ಅವನಿಗೂ ಇರಲಿಲ್ಲ.

ಬಾಗಿಲಿಗೆ ಬಂದು, ಚೌಕಟ್ಟು ಹಿಡಿದುಕೊಂಡು, ಒಂದೇ ಉಸಿರಿಗೆ ಹೇಳಿದ: "ಆರು ಚೀಲ ಸತ್ತಿದೆ. ಹಸಿ ಚೀಲಕ್ಕೆ ತುಂಬಿದ್ದು ನಾನೇ. ಹತ್ತು ಸೇರಿನವರಿಗೆ ಏಳೇ ಸೇರು ಸಿಗೋದು."

ಅಧ್ಯಕ್ಷರು ಕೂಗಾಡಿದರು. ಹೊಗಳಿದ್ದ ರೈತ ಬಾಯಿಗೆ ಬಂದಂತೆ ಬೈದ, ಹೊಗಳಿದ್ದಕ್ಕೂ ಸೇರಿಸಿ. ಸಾಲು ಮಾತ್ರ ಕದಲಲಿಲ್ಲ, ಬೀಜ ಬೇಕಿತ್ತು. ಮುಂದೆ ನಿಂತಿದ್ದ ಮುದುಕಿ ಚೀಲದ ಬಾಯಿ ಅಗಲಿಸಿ ಹಿಡಿದಳು.

"ಇಷ್ಟು ಜನರ ಮುಂದೆ ಹೇಳೋಕೆ ನಿಂಗೆ ಭಯ ಆಗ್ಲಿಲ್ವೇನೋ?"

"ಈಗ್ಲೂ ಆಗ್ತಿದೆ ಅಜ್ಜಿ," ಎಂದ ಪುಕ್ಕಣ್ಣ. ಕೈಯಲ್ಲಿದ್ದ ಸೇರು ಗಡಗಡ ನಡುಗಿ, ಅಂಚು ಮೀರಿ ತುಂಬಿದ್ದ ಕಾಳು ಜರಜರನೆ ಸುರಿಯುತ್ತಿತ್ತು.

"ನಡುಗು, ನಡುಗು," ಎಂದಳು ಮುದುಕಿ, ಚೀಲವನ್ನು ಇನ್ನಷ್ಟು ಹತ್ತಿರ ತಂದು. "ನಿಂತು ನಡುಗು. ಚೆಲ್ಲೋದು ನನ್ನ ಚೀಲಕ್ಕೇ ಬೀಳ್ತಿದೆ."