ಪೊಟ್ಟಣದ ಮೇಲಿನ ಮುಖ

ಜಿಯಾಯಿ ಊರಿನ ಬೆಳಗಿನ ಮಾರುಕಟ್ಟೆಗೆ ಲ್ಯೂ ಬೀಯುನ್ ಕಾಲಿಟ್ಟಳೆಂದರೆ ಸಾಕು, ತರಕಾರಿಯವರು ಬಾಡಿದ ಸೊಪ್ಪನ್ನು ಮೆಲ್ಲಗೆ ಬುಟ್ಟಿಯ ಅಡಿಗೆ ತಳ್ಳುತ್ತಿದ್ದರು. ಇಪ್ಪತ್ತೆಂಟು ವರ್ಷ ಪ್ರಾಥಮಿಕ ಶಾಲೆಯೊಂದರ ಅಡುಗೆಮನೆಯಲ್ಲಿ ದಿನಕ್ಕೆ ಎಂಟುನೂರು ಮಕ್ಕಳಿಗೆ ಬೇಯಿಸಿ ಹಾಕಿದ ಹೆಂಗಸು ಆಕೆ. ಮೂಲಂಗಿಯನ್ನು ಬೆರಳಿನಿಂದ ತಟ್ಟಿ ಒಳಗೆ ಬೆಂಡೋ ಗಟ್ಟಿಯೋ ಹೇಳುವಳು. ಎಲೆಕೋಸಿನ ಬುಡ ಮೂಸಿ, ಕೊಯ್ದು ಎಷ್ಟು ದಿನವಾಯಿತೆಂದು ಹೇಳುವಳು. ಕೆಲಸದಿಂದ ನಿವೃತ್ತಳಾಗಿ ಆರು ವರ್ಷ ಕಳೆದಿದ್ದರೂ ಆ ಮೂಗಿಗೆ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗಳು ತಾಂಗ್‌ತಾಂಗ್ ಜೊತೆ ಆಕೆಯ ವಾಸ. ಮಗ ರೈಲು ಓಡಿಸುವವನು. ಸೊಸೆ ಶಿನ್ರು ಹಲ್ಲಿನ ಆಸ್ಪತ್ರೆಯಲ್ಲಿ ದಾದಿ. ಅತ್ತೆ ಸೊಸೆ ಜಗಳವಾಡಿದವರಲ್ಲ. ಆದರೆ ಆ ವಸಂತದಲ್ಲಿ ಮಗುವಿನ ಮೊಣಕೈ ಸಂದಿನಲ್ಲಿ ಕೆಂಪು ಗಂದೆ ಎದ್ದಿತು, ವಾರಗಟ್ಟಲೆ ಇಳಿಯಲಿಲ್ಲ. ವೈದ್ಯರು ಮುಲಾಮು ಬರೆದುಕೊಟ್ಟು, ಬರುತ್ತೆ ಹೋಗುತ್ತೆ ಎಂದರು. ಶಿನ್ರುಗೆ ಸಮಾಧಾನವಾಗಲಿಲ್ಲ. ಒಂದು ದಿನ ಊಟದ ಮೇಜಿನ ಮೇಲೆ ಹಸಿರು ಬಣ್ಣದ ಸದಸ್ಯತ್ವದ ಕಾರ್ಡೊಂದನ್ನು ಇಟ್ಟು ಹೇಳಿದಳು:

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಮಗೂಗೆ ಇನ್ಮೇಲೆ ಸ್ಟೇಷನ್ ಹತ್ರದ ಸಾವಯವ ಅಂಗಡೀಲೇ ತರಕಾರಿ ತರೋಣ. ದೊಡ್ಡವರು ಏನು ಬೇಕಾದ್ರೂ ತಿನ್ನಲಿ."

"ಅಂದ್ರೆ ನಾನು ತರೋದು ವಿಷಾನಾ?"

"ಹಂಗಂದೆನಾ ನಾನು?"

"ಅನ್ಲಿಲ್ಲ ಬಿಡು. ಕಾರ್ಡು ಅಂತು."

ಮಗ ತಲೆ ತಗ್ಗಿಸಿ ಅನ್ನ ತಿನ್ನುತ್ತಿದ್ದ. ತಾಯಿ, ಹೆಂಡತಿಯ ಮಾತಿನ ನಡುವೆ ಬಾಯಿ ಹಾಕುವಷ್ಟು ದಡ್ಡ ಅವನಲ್ಲ. ಮರುದಿನ ಬೀಯುನ್ ಕಾರ್ಡನ್ನು ಕಿಸೆಗೆ ಹಾಕಿಕೊಂಡು ಸ್ಕೂಟರ್ ಹತ್ತಿದಳು. ಸೊಸೆಯ ಮಾತು ಮೀರಬಾರದೆಂದಲ್ಲ, ಅಂಗಡಿಯಲ್ಲಿ ತಪ್ಪು ಹುಡುಕಿ ತರಬೇಕೆಂದು.

ಅಂಗಡಿ ತಣ್ಣಗಿತ್ತು. ಮರದ ಕಪಾಟುಗಳು, ಎಲ್ಲಿಂದಲೋ ಮೆಲ್ಲನೆ ಪಿಯಾನೊ. ಸೊಪ್ಪುಗಳೆಲ್ಲ ಒಂದೊಂದು ಹಿಡಿಯಂತೆ ಪ್ಲಾಸ್ಟಿಕ್ ಪೊಟ್ಟಣದೊಳಗೆ ಕೂತಿದ್ದವು. ಯಾರೂ ಯಾರನ್ನೂ ಕೂಗುತ್ತಿರಲಿಲ್ಲ. ಬೀಯುನ್ ಒಂದು ಪೊಟ್ಟಣವನ್ನು ಮೂಗಿಗೆ ಹಿಡಿದಳು. ಪ್ಲಾಸ್ಟಿಕ್ಕಿನ ವಾಸನೆ ಬಂತು. ಅಂಗಡಿಯ ಹುಡುಗಿ ಓಡಿ ಬಂದಳು.

"ಅಜ್ಜಿ, ಏನಾದ್ರೂ ಬೇಕಿತ್ತಾ?"

"ಇದನ್ನ ಬಿಚ್ಚಿ ಮೂಸಬಹುದೇನಮ್ಮಾ?"

"ಬಿಚ್ಚೋ ಹಾಗಿಲ್ಲ ಅಜ್ಜಿ. ಹಿಂದುಗಡೆ ಎಲ್ಲಾ ಬರೆದಿದೆ ನೋಡಿ."

"ಬರೆದದ್ದನ್ನ ಮೂಸಕ್ಕಾಗತ್ತಾ?"

ಹುಡುಗಿ ನಕ್ಕಳು. ಒಳ್ಳೆಯ ಹುಡುಗಿ. ಬೀಯುನ್ ಸಿಹಿಗೆಣಸಿನ ಸೊಪ್ಪಿನ ಪೊಟ್ಟಣವನ್ನು ತಿರುಗಿಸಿದಳು. ಬೆಲೆ ಅರವತ್ತೈದು ಯುವಾನ್. ಮಾರುಕಟ್ಟೆಯಲ್ಲಿ ಇದಕ್ಕಿಂತ ದಪ್ಪ ಕಟ್ಟು ಇಪ್ಪತ್ತಕ್ಕೆ ಬರುತ್ತದೆ, ಕೊಸರಾಗಿ ಎರಡು ಈರುಳ್ಳಿ ಸೊಪ್ಪು, ಒಂದು ಮೆಣಸಿನಕಾಯಿ, ಊರಿನ ಅರ್ಧ ಸುದ್ದಿ. ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು.

ಪೊಟ್ಟಣದ ಮೇಲೊಂದು ಚಿತ್ರ. ಬಿದಿರಿನ ಟೋಪಿ, ಬಿಸಿಲಿಗೆ ಕಂದಿದ ಮುಖ, ಸ್ವಲ್ಪ ಸೊಟ್ಟ ನಗು. ಕೆಳಗೆ: 'ರೈತ ಗಾವ್ ಜಿನ್‌ಫಾ, ಮಿನ್‌ಶುಂಗ್. ಔಷಧಿ ಹೊಡೆಯುವುದಿಲ್ಲ. ನಮ್ಮ ಮನೆಯವರು ತಿನ್ನುವುದನ್ನೇ ನಿಮಗೂ ಕೊಡುತ್ತೇವೆ.'

"ಇವನಾ?" ಎಂದಳು ಬೀಯುನ್ ಗಟ್ಟಿಯಾಗಿ. ಆಚೆ ಕಪಾಟಿನಲ್ಲಿ ಎಣ್ಣೆ ಆರಿಸುತ್ತಿದ್ದ ಇಬ್ಬರು ತಿರುಗಿ ನೋಡಿದರು.

ಹದಿನೆಂಟು ವರ್ಷದ ಹಿಂದಿನ ಮಾತು. ಚಂಡಮಾರುತ ಬಂದು ಹೋಗಿತ್ತು, ಸೊಪ್ಪಿಗೆ ಬಂಗಾರದ ಬೆಲೆ. ಜಿನ್‌ಫಾ ಆಗ ತನ್ನ ಪುಟ್ಟ ವ್ಯಾನಿನಲ್ಲಿ ಮಾರುಕಟ್ಟೆಗೆ ತರಕಾರಿ ತಂದು ಮಾರುತ್ತಿದ್ದ. ಶಾಲೆಗೂ ಅವನದೇ ಸೊಪ್ಪು ಹೋಗುತ್ತಿತ್ತು. ಆ ಬೆಳಿಗ್ಗೆ ಅವನ ಬುಟ್ಟಿಗೆ ಬಗ್ಗಿದ ಬೀಯುನ್‌ಗೆ ಮೂಗು ಸುಟ್ಟಂತಾಯಿತು. ಔಷಧಿ ಹೊಡೆದು ಎರಡು ದಿನವೂ ಆಗಿರಲಿಲ್ಲ. ಆಕೆ ಬುಟ್ಟಿಯನ್ನು ಎತ್ತಿ ರಸ್ತೆಗೆ ಸುರಿದಳು. "ಎಂಟುನೂರು ಮಕ್ಕಳಿಗೆ ಇದನ್ನ ತಿನ್ನಿಸ್ತೀಯಾ? ಮೊದ್ಲು ನಿನ್ನ ಮಗಳಿಗೆ ತಿನ್ನಿಸು, ನಾನು ನೋಡ್ತೀನಿ!" ಎಂದು ಇಡೀ ಮಾರುಕಟ್ಟೆ ಕೇಳುವಂತೆ ಕೂಗಿದಳು. ವ್ಯಾನಿನ ಮುಂದಿನ ಸೀಟಿನಲ್ಲಿ ಅವನ ಒಂಬತ್ತು ವರ್ಷದ ಮಗಳು ಕೂತಿದ್ದಳು. ಜಿನ್‌ಫಾ ವ್ಯಾನು ತಿರುಗಿಸಿಕೊಂಡು ಹೋದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಸತ್ತನೆಂದು ಕೆಲವರು, ಊರು ಬಿಟ್ಟನೆಂದು ಕೆಲವರು. ಬೀಯುನ್ ಮಾಡಿದ್ದು ಸರಿಯೆಂದು ಎಲ್ಲರೂ ಹೇಳಿದರು. ಆಕೆಯೂ ಹಾಗೇ ಅಂದುಕೊಂಡಿದ್ದಳು. ಆದರೂ ಆ ಮಗುವಿನ ಮುಖ ಮಾತ್ರ ಎಷ್ಟೋ ದಿನ ಕಣ್ಣ ಮುಂದೆ ಬರುತ್ತಿತ್ತು.

ಈಗ ಅದೇ ಜಿನ್‌ಫಾ ಪೊಟ್ಟಣದ ಮೇಲೆ ಕೂತು ನಗುತ್ತಿದ್ದಾನೆ, ಮೂರು ಪಟ್ಟು ಬೆಲೆಗೆ.

ಬೀಯುನ್ ಸೊಪ್ಪನ್ನು ಮನೆಗೆ ತಂದು ಬಿಚ್ಚಿ ಮೂಸಿದಳು. ನೀರಿನಲ್ಲಿ ನೆನೆಹಾಕಿ ನೀರನ್ನು ಮೂಸಿದಳು. ಹಸಿ ಎಲೆ ಅಗಿದಳು, ಬೇಯಿಸಿ ಬೆಳ್ಳುಳ್ಳಿಯೂ ಹಾಕದೆ ತಿಂದಳು. ಮಣ್ಣು, ಹಸಿರು, ಕೊನೆಗೊಂದಿಷ್ಟು ಸಿಹಿ. ಒಂದೇ ಒಂದು ಎಲೆಯಲ್ಲೂ ತಪ್ಪಿಲ್ಲ. ಇದರಿಂದ ಆಕೆಗೆ ಇನ್ನಷ್ಟು ಸಿಟ್ಟು ಬಂತು. ಖಾಲಿ ಪೊಟ್ಟಣವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಮರುದಿನ ಬೆಳಿಗ್ಗೆ ಮಿನ್‌ಶುಂಗ್ ಕಡೆಗೆ ಸ್ಕೂಟರ್ ಬಿಟ್ಟಳು.

ಅನಾನಸು ಹೊಲಗಳನ್ನು ದಾಟಿ, ದೇವಸ್ಥಾನದ ಹತ್ತಿರ ಚಹಾ ಕುಡಿಯುತ್ತಿದ್ದ ಮುದುಕರನ್ನು ಕೇಳಿ, ಕಡೆಗೂ ಹೊಲ ಸಿಕ್ಕಿತು. ಜಿನ್‌ಫಾ ಹೀರೆ ಬಳ್ಳಿಯ ಚಪ್ಪರದಡಿ ಬಗ್ಗಿ ಕಳೆ ಕೀಳುತ್ತಿದ್ದ. ತಲೆಯೆತ್ತಿ ನೋಡಿದ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಶಾಲೆಯ ಅಕ್ಕ ಅಲ್ವಾ?" ಎಂದ ನಿಧಾನವಾಗಿ.

ಬೀಯುನ್ ಪೊಟ್ಟಣ ಬಿಡಿಸಿ ಅವನ ಮುಖದ ಮುಂದೆ ಹಿಡಿದಳು. "ಇದು ನೀನೇನಾ?"

"ನಾನೇ ಅಕ್ಕಾ. ಚಿತ್ರದಲ್ಲಿ ಸ್ವಲ್ಪ ಚೆಂದ ಕಾಣ್ತೀನಿ."

"ನಾನು ಹೇಗೆ ನಂಬಲಿ?"

"ನಂಬಬೇಡಿ. ಮೂಸಿ."

ಆಕೆ ಸಾಲು ಸಾಲು ನಡೆದಳು. ಎಲೆ ಕಿತ್ತು ಅಗಿದಳು, ಮಣ್ಣು ಹಿಡಿದು ಹಿಸುಕಿದಳು. ಎಲೆಗಳಲ್ಲಿ ತೂತು, ತೂತಿನ ಪಕ್ಕ ಹುಳು, ಹುಳುವಿನ ಹಿಂದೆ ಕಪ್ಪೆ. ಒಂದು ಕಪ್ಪೆ ಕಾಲಮೇಲೆ ಹಾರಿ ಆಕೆ ಚೀರಿದಾಗ ಜಿನ್‌ಫಾ ನಗು ತಡೆಯಲು ಅತ್ತ ತಿರುಗಿಕೊಂಡ. ಕೊಟ್ಟಿಗೆಯ ಬಾಗಿಲು ತೆಗೆಸಿ ಡಬ್ಬಿಗಳನ್ನೂ ಒಂದೊಂದಾಗಿ ಮೂಸಿದಳು. ಹುಳಿ ಬಂದ ಹಣ್ಣಿನ ಸಿಪ್ಪೆ, ಮೀನಿನ ಗೊಬ್ಬರ. ಕೊನೆಗೆ ಮನೆಯ ಹಿಂದೆ ಹೋದಳು. ಅಲ್ಲಿ ಬಟ್ಟೆ ಒಣಗಿಸುವ ಹಗ್ಗ, ನಾಲ್ಕು ಬಾತುಕೋಳಿ.

"ಏನು ಹುಡುಕ್ತಿದೀರಿ ಅಂತ ಗೊತ್ತು," ಎಂದ ಜಿನ್‌ಫಾ ಹಿಂದಿನಿಂದ. "ಮನೆಗೆ ಅಂತ ಬೇರೆ ಪಾತಿ ಇದೆಯಾ ಅಂತ ತಾನೆ? ಆವಾಗ ಇತ್ತು ಅಕ್ಕಾ. ಇಲ್ಲೇ. ಮಾರೋದಕ್ಕೆ ಔಷಧಿ ಹೊಡೀತಿದ್ದೆ, ಮನೇವರಿಗೆ ಇಲ್ಲಿ ಹೊಡೀದೆ ಬೆಳೀತಿದ್ದೆ. ಎಲ್ರೂ ಹಂಗೇ ಮಾಡ್ತಿದ್ರು. ಅವತ್ತು ನೀವು ಕೂಗಿದ್ರಲ್ಲ, ವಾಪಸ್ಸು ಬರ್ತಾ ಮಗಳು ಕೇಳಿದ್ಲು, 'ಅಪ್ಪಾ, ನಾವ್ಯಾಕೆ ಹಿಂದುಗಡೆದೇ ತಿಂತೀವಿ?' ಅಂತ. ಅವತ್ತೇ ಔಷಧಿ ಹೊಡೆಯೋದು ಬಿಟ್ಟೆ."

ಮೊದಲ ಮೂರು ವರ್ಷ ಬೆಳೆದದ್ದೆಲ್ಲ ಹುಳುವಿನ ಪಾಲಾಯಿತು. ಹೆಂಡತಿ ಶೂ ಕಾರ್ಖಾನೆಗೆ ಹೋಗಿ ಮನೆ ನಡೆಸಿದಳು. ಅಕ್ಕಪಕ್ಕದವರು ಹುಚ್ಚನೆಂದರು. ಮಣ್ಣು ನಿಧಾನವಾಗಿ ಚೇತರಿಸಿಕೊಂಡಿತು, ಆಮೇಲೆ ಅಂಗಡಿಯವರು ಬಂದರು. ಪೊಟ್ಟಣದ ಮೇಲಿನ ಆ ಸಾಲನ್ನು ಬರೆದವಳು ಮಗಳೇ.

ಬೀಯುನ್ ಬಾತುಕೋಳಿಗಳ ಕಡೆ ತಿರುಗಿದಳು. ಕ್ಷಮೆ ಕೇಳಿ ಅಭ್ಯಾಸವಿಲ್ಲದ ಬಾಯಿ ಅದು.

"ನಾನು ಅಷ್ಟು ಜನರ ಮುಂದೆ ಅನ್ನಬಾರದಿತ್ತು ಜಿನ್‌ಫಾ. ಮಗು ಬೇರೆ ಇತ್ತು."

"ಪಕ್ಕಕ್ಕೆ ಕರೆದು ಹೇಳಿದ್ರೆ ನಾನು ಕೇಳ್ತಿರಲಿಲ್ಲ ಬಿಡಿ," ಎಂದು ಅವನು ಚಹಾ ತರಲು ಒಳಗೆ ಹೋದ.

ಚಹಾ ಕುಡಿಯುವಾಗ ಅಂಗಳದ ಮೂಲೆಯಲ್ಲಿದ್ದ ರಾಶಿ ಆಕೆಯ ಕಣ್ಣಿಗೆ ಬಿತ್ತು. ಎರಡು ಕಾಲಿನ ಮೂಲಂಗಿ, ಗಂಟುಬಿದ್ದ ಕ್ಯಾರೆಟ್, ತೂತುಬಿದ್ದ ಎಲೆಕೋಸು.

"ಅದೇನು?"

"ಅಂಗಡಿಯವರಿಗೆ ನೆಟ್ಟಗಿರೋದು ಬೇಕು. ಇದು ಮಣ್ಣಿಗೆ."

"ಮಣ್ಣಿಗಾ!" ಎಂಟುನೂರು ಮಕ್ಕಳ ಪಾತ್ರೆ ತಳ ಕೆರೆದು ಬಡಿಸಿದವಳಿಗೆ ಜೀವ ಹಿಂಡಿದಂತಾಯಿತು. "ಮಾರುಕಟ್ಟೆಗೆ ತಾರೋ. ಹೊಟ್ಟೆಗೆ ಹೋದ್ಮೇಲೆ ನೆಟ್ಟಗಿದ್ದದ್ದು ಯಾವ್ದು, ಸೊಟ್ಟಗಿದ್ದದ್ದು ಯಾವ್ದು?"

"ಯಾವ ಮುಖ ಇಟ್ಕೊಂಡು ಬರ್ಲಿ ಅಕ್ಕಾ?"

"ಅಂಗಡಿ ತುಂಬ ಅಚ್ಚು ಹಾಕಿಸಿದೀಯಲ್ಲ, ಅದೇ ಮುಖ!"

ಆ ಸಂಜೆ ಬೀಯುನ್ ಸೊಸೆಗೆ ಎಲ್ಲವನ್ನೂ ಹೇಳಿದಳು. ಶಿನ್ರು ಪಾತ್ರೆ ಒರೆಸುತ್ತ ಕೇಳಿದಳು.

"ಅಮ್ಮಾ, ನಂಗೆ ಆ ಅಂಗಡಿ ಮೇಲೆ ಮೋಹ ಇಲ್ಲ. ನಿಮಗೆ ಮೂಸಿದ್ರೆ ಗೊತ್ತಾಗತ್ತೆ. ನಂಗೆ ಏನೂ ಗೊತ್ತಾಗಲ್ಲ. ಯಾರಾದ್ರೂ ಬರೆದುಕೊಟ್ರೆ ಅದನ್ನ ಓದಿ ಧೈರ್ಯ ತಂದ್ಕೋತೀನಿ, ಅಷ್ಟೇ."

ಬೀಯುನ್ ಈ ಬಗೆಯಾಗಿ ಯೋಚಿಸಿಯೇ ಇರಲಿಲ್ಲ. ಆಸ್ಪತ್ರೆಯಿಂದ ಏಳು ಗಂಟೆಗೆ ಬರುವ ಹುಡುಗಿ. ಮಾರುಕಟ್ಟೆ ಮುಚ್ಚುವುದು ಮಧ್ಯಾಹ್ನಕ್ಕೆ. ಇವಳಿಗೆ ಯಾರು ಏನನ್ನು ಕಲಿಸಿದ್ದರು?

"ಭಾನುವಾರ ನನ್ನ ಜೊತೆ ಬಾ," ಎಂದಳು. "ಮೂಗು ಎಲ್ರಿಗೂ ಇರತ್ತೆ. ಕೆಲಸಕ್ಕೆ ಹಚ್ಚಬೇಕು ಅಷ್ಟೇ."

ತೋಫು ಮಾರುವ ಆಲಾನ್ ಬೀಯುನ್‌ಳ ಹಳೆಯ ಗೆಳತಿ. ಅವಳು ತನ್ನ ಮಳಿಗೆಯ ಅರ್ಧ ಹಲಗೆ ಬಿಟ್ಟುಕೊಟ್ಟಳು. ಭಾನುವಾರ ಬೆಳಿಗ್ಗೆ ಜಿನ್‌ಫಾ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಬಂದು ಬುಟ್ಟಿಗಳನ್ನು ಇಳಿಸಿದ. ಆಲಾನ್ ಸುಮ್ಮನಿರುವವಳಲ್ಲ.

"ಬಾರಪ್ಪಾ ಬಾ! ಇಷ್ಟು ವರ್ಷ ಎಲ್ಲಿ ಅಡಗಿದ್ದೆ? ಏನಿದು, ಎಲೆಕೋಸೋ ಜರಡಿಯೋ? ಹುಳಾನೂ ತೂಕಕ್ಕೆ ಹಾಕ್ತೀಯಾ ಹೇಗೆ?"

"ಹುಳ ಕೊಸರು," ಎಂದ ಜಿನ್‌ಫಾ ಮೆಲ್ಲಗೆ.

ಜನ ನಕ್ಕರು. ಅಷ್ಟರಲ್ಲಿ ಮುದುಕಿಯೊಬ್ಬಳು ಕೋಲೂರಿಕೊಂಡು ಮುಂದೆ ಬಂದು ಅವನ ಮುಖವನ್ನೇ ನೋಡಿದಳು. "ನೀನು ಅವತ್ತು ಔಷಧಿ ಸೊಪ್ಪು ತಂದವನಲ್ವೇನೋ?"

ನಗು ನಿಂತಿತು. ಬೀಯುನ್ ಬಾಯಿ ತೆರೆಯುವ ಮೊದಲೇ ಜಿನ್‌ಫಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೌದು ಅಜ್ಜಿ, ನಾನೇ. ಅವತ್ತು ಹೊಡೀತಿದ್ದೆ. ಹದಿನೆಂಟು ವರ್ಷ ಆಯ್ತು ಬಿಟ್ಟು. ಈಗ ನಾವು ಮನೇಲಿ ತಿನ್ನೋದೂ ಇದನ್ನೇ."

ಮುದುಕಿ ಬೀಯುನ್ ಕಡೆ ತಿರುಗಿದಳು. "ನೀನೇ ತಾನೆ ಅವತ್ತು ಬುಟ್ಟಿ ಸುರಿದೋಳು? ಈಗೇನಂತೀಯಾ?"

ಬೀಯುನ್ ತೂತುಬಿದ್ದ ಎಲೆಯೊಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಎಲ್ಲರೂ ಕಾದರು. ಅಗಿದು ನುಂಗಿ, ಪಕ್ಕದಲ್ಲಿದ್ದ ಶಿನ್ರು ಕೈಗೂ ಒಂದು ಚೂರು ಕೊಟ್ಟು, "ನಾನು ಅವತ್ತೂ ಸುಳ್ಳು ಹೇಳಿಲ್ಲ, ಇವತ್ತೂ ಹೇಳಲ್ಲ. ಇದಕ್ಕಿಂತ ಒಳ್ಳೆ ಎಲೆಕೋಸು ಈ ಸಾಲಲ್ಲಿ ಇಲ್ಲ," ಎಂದಳು.

"ನನ್ನ ಮಳಿಗೇಲಿ ನಿಂತು ಅಕ್ಕಪಕ್ಕದವರ ಹೊಟ್ಟೆ ಮೇಲೆ ಹೊಡೀಬೇಡ್ವೇ!" ಎಂದು ಆಲಾನ್ ಕೂಗಿದಳು. ಮುದುಕಿ ಎರಡು ಕಾಲಿನ ಮೂಲಂಗಿಯೊಂದನ್ನು ಆರಿಸಿ, ಇದಕ್ಕೆ ಚಡ್ಡಿ ಹೊಲಿಸಬೇಕಲ್ಲೋ ಎಂದಳು. ಒಂಬತ್ತು ಗಂಟೆಗೆ ಬುಟ್ಟಿ ಖಾಲಿ.

ಅಲ್ಲಿಂದ ಪ್ರತಿ ಭಾನುವಾರ ಜಿನ್‌ಫಾ ಬರತೊಡಗಿದ. ನೆಟ್ಟಗಿದ್ದದ್ದು ಅಂಗಡಿಗೆ, ಸೊಟ್ಟಗಿದ್ದದ್ದು ಮಾರುಕಟ್ಟೆಗೆ. ಅಂಗಡಿಯವರೂ ಬೇಡವೆನ್ನಲಿಲ್ಲ. ಶಿನ್ರು ಈಗಲೂ ಹಾಲು, ಎಳ್ಳೆಣ್ಣೆ ತರಲು ಕೆಲಸ ಮುಗಿಸಿ ಬರುವಾಗ ಆ ಅಂಗಡಿಗೇ ಹೋಗುತ್ತಾಳೆ. ಬೀಯುನ್ ಕೂಡ ಆಗೀಗ ಹೋಗುತ್ತಾಳೆ. ಸೆಕೆಗೆ ಅಲ್ಲಿ ತಂಪು, ಮತ್ತು ಆ ಹುಡುಗಿಗೆ ಮೂಲಂಗಿಯನ್ನು ಪ್ಲಾಸ್ಟಿಕ್ಕಿನ ಮೇಲಿಂದಲೇ ತಟ್ಟಿ ನೋಡುವುದನ್ನು ಕಲಿಸಿಯಾಗಿದೆ. ಮಗುವಿನ ಗಂದೆ ಬೇಸಿಗೆ ಕಳೆಯುವ ಹೊತ್ತಿಗೆ ಇಳಿಯಿತು. ಮುಲಾಮಿನಿಂದಲೋ ಸೊಪ್ಪಿನಿಂದಲೋ ತಾನಾಗಿಯೋ, ಯಾರಿಗೆ ಗೊತ್ತು. ಬೀಯುನ್ ಅದರ ಯಶಸ್ಸನ್ನು ತನ್ನ ಹೆಸರಿಗೆ ಬರೆದುಕೊಳ್ಳಲಿಲ್ಲ. ಆಕೆಯ ಮಟ್ಟಿಗೆ ಅದು ದೊಡ್ಡ ಮಾತು.

ಮಳೆಗಾಲದ ಒಂದು ಭಾನುವಾರ ಜಿನ್‌ಫಾನ ಹೆಂಡತಿ ಎಳೆ ಬಿದಿರಿನ ಕಳಲೆ ಕಳಿಸಿದ್ದಳು. ಬೀಯುನ್ ಅದನ್ನು ಸಿಪ್ಪೆಸಮೇತ ಬೇಯಿಸಿ, ಆರಿಸಿ, ಹೋಳು ಮಾಡಿ ಮೇಜಿನ ಮೇಲಿಟ್ಟಳು. ಬೆಳಗಿನ ಪಾಳಿ ಮುಗಿಸಿ ಬಂದ ಮಗ ಒಂದು ತುಂಡು ಬಾಯಿಗಿಟ್ಟು, "ಪೇರಳೆ ಹಣ್ಣಿನ ಹಾಗಿದೆಯಲ್ಲಮ್ಮಾ, ಎಲ್ಲಿಂದ ತಂದೆ?" ಎಂದ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಹೇಳಲು ಶುರುಮಾಡಿದರು. ಅವನು ಇನ್ನೊಂದು ಬಟ್ಟಲು ಅನ್ನ ಹಾಕಿಕೊಂಡು ಆರಾಮಾಗಿ ಕುಳಿತು ಕೇಳಿದ.